ಪರದೋಷಕ್ಕೆ ಮುನ್ನ ಸ್ವದೋಷ ದರ್ಶನ

(ಶಾಖಾಮಠದ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮುಂಬಯಿಯಂತಹ ಮಹಾನಗರದಲ್ಲಿ ಧರ್ಮಾಚರಣೆ ಸುಲಭವಲ್ಲ. ಡೊಂಬಿವಿಲಿ, ಕಲ್ಯಾಣಗಳಿಂದಲೋ ವಸಾಯಿ, ವಿರಾರಗಳಿಂದಲೋ ಲೋಕಲ್ ಗಾಡಿಯಲ್ಲಿ ನಿಂತೇ ಪ್ರಯಾಣ ಮಾಡಿ, ದಿನವಿಡೀ ದುಡಿದು, ರಾತ್ರಿ ಮನೆ ಸೇರುವ ನಮ್ಮವರು ಅನೇಕರು ಏಕಾದಶಿಯ ಉಪವಾಸವನ್ನು ತಪ್ಪದೆ ಆಚರಿಸುತ್ತಾರೆ. ಇದು ನಿಜಕ್ಕೂ ಶ್ಲಾಘನೀಯ. ಆದರೆ ನಾಲಗೆಗೆ ಭಗವಂತನು ಎರಡು ಕಾರ್ಯಗಳನ್ನು ವಹಿಸಿದ್ದಾನೆ. ಒಂದು ರುಚಿ ನೋಡುವುದು, ಇನ್ನೊಂದು ಮಾತನಾಡುವುದು. ಏಕಾದಶಿಯಂದು ಮೊದಲನೆಯದಕ್ಕೆ ನಾವು ವಿರಾಮ ಕೊಡುತ್ತೇವೆ. ಎರಡನೆಯದಕ್ಕೆ? ಅನ್ನವನ್ನು ಮುಟ್ಟದ ಅದೇ ನಾಲಗೆಯು ಅದೇ ದಿನ ಗಾಡಿಯ ಡಬ್ಬಿಯಲ್ಲಿ ಸಹೋದ್ಯೋಗಿಯ ದೋಷಗಳನ್ನು, ಮನೆಯಲ್ಲಿ ಸೊಸೆಯ ಅಥವಾ ಅತ್ತೆಯ ದೋಷಗಳನ್ನು, ಮಠದ ಮೆಟ್ಟಿಲಿಳಿಯುವಾಗ ಪಕ್ಕದ ಮಠದವರ ದೋಷಗಳನ್ನು ಸವಿಯುತ್ತಿದ್ದರೆ ಆ ಉಪವಾಸವು ಪೂರ್ಣವಾಯಿತೆನ್ನಬಹುದೇ? ಈ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳಬೇಕಾಗಿದೆ.

ಈ ವಿಷಯದಲ್ಲಿ ನಮಗೆ ದಾರಿ ತೋರುವ ಒಂದು ಚರಿತ್ರೆ ದಾಸಸಾಹಿತ್ಯದ ಇತಿಹಾಸದಲ್ಲಿಯೇ ಇದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕೇಳಿ ಬಲ್ಲರು. ಆದರೂ ಅದರೊಳಗಿನ ಒಂದು ಸೂಕ್ಷ್ಮವು ನಮ್ಮ ಗಮನಕ್ಕೆ ಬಂದಂತಿಲ್ಲವಾದ್ದರಿಂದ ಮತ್ತೊಮ್ಮೆ ಸ್ಮರಿಸೋಣ.

ರಾಯಚೂರು ಜಿಲ್ಲೆಯ ಮಾನವಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಶ್ರೀನಿವಾಸಾಚಾರ್ಯರೆಂಬ ವಿದ್ವಾಂಸರಿದ್ದರು. ಶ್ರೀವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ ಸಂಸ್ಕೃತದಲ್ಲಿ ಅಪ್ರತಿಮ ಪಾಂಡಿತ್ಯವನ್ನು ಸಂಪಾದಿಸಿದ್ದರು. ಅವರಲ್ಲಿ ಪಾಠ ಕಲಿಯುವ ಶಿಷ್ಯವರ್ಗವೂ ಇತ್ತು. ಅದೇ ಕಾಲದಲ್ಲಿ, ಮಾನವಿಗೆ ಸಮೀಪದ ಚೀಕಲಪರವಿಯಲ್ಲಿ 1682ರಲ್ಲಿ ಜನಿಸಿದ ಶ್ರೀವಿಜಯದಾಸರು ಊರೂರು ಸಂಚರಿಸುತ್ತ, ಕನ್ನಡದ ಪದ ಸುಳಾದಿಗಳ ಮೂಲಕ ಪಂಡಿತಪಾಮರರೆನ್ನದೆ ಎಲ್ಲರಿಗೂ ತತ್ತ್ವವನ್ನು ಉಪದೇಶಿಸುತ್ತಿದ್ದರು. ದಾಸರು ಮಾನವಿಗೆ ಬಂದಾಗ ಆಚಾರ್ಯರನ್ನು ಭೋಜನಕ್ಕೆ ಆಹ್ವಾನಿಸಿದರೆಂದೂ, ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡುವವರ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ತಮ್ಮ ವಿದ್ವತ್ತಿಗೆ ಕುಂದೆಂದು ಭಾವಿಸಿದ ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ ಸಂಪ್ರದಾಯದಲ್ಲಿ ಹೇಳಿಕೊಂಡು ಬಂದಿದ್ದಾರೆ. ನೆಪವಾಗಿ ಹೇಳಿದ ಹೊಟ್ಟೆನೋವು ನಿಜವಾಯಿತು. ಔಷಧೋಪಚಾರಗಳೆಲ್ಲ ನಿಷ್ಫಲವಾದವು. ಕೊನೆಗೆ ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ಶ್ರೀರಾಘವೇಂದ್ರಸ್ವಾಮಿಗಳ ಸನ್ನಿಧಾನದಲ್ಲಿ ಸೇವೆಗೆ ನಿಂತರು.

ಇಲ್ಲಿಯೇ ಆ ಸೂಕ್ಷ್ಮವಿರುವುದು. ಶ್ರೀರಾಯರು ಬೇಡಿದವರಿಗೆ ಬೇಡಿದ್ದನ್ನು ಕೊಡುವ ಕಲ್ಪತರುವೆಂದು ಲೋಕವೇ ಕೊಂಡಾಡುತ್ತದೆ. ಹೊಟ್ಟೆನೋವನ್ನು ಗುಣಪಡಿಸುವುದು ಅವರಿಗೆ ಅಸಾಧ್ಯವಾಗಿತ್ತೇ? ಆದರೆ ಅವರು ಗುಣಪಡಿಸಲಿಲ್ಲ. ಸ್ವಪ್ನದಲ್ಲಿ ದರ್ಶನವಿತ್ತು, ಯಾರನ್ನು ಅನಾದರಿಸಿದೆಯೋ ಆ ವಿಜಯದಾಸರ ಬಳಿಗೇ ಹೋಗೆಂದು ಅಪ್ಪಣೆ ಮಾಡಿದರು. ತಪ್ಪು ನಡೆದುದು ಯಾರ ವಿಷಯದಲ್ಲಿಯೋ ಅವರ ಬಾಗಿಲಿಗೇ ಅದನ್ನು ಒಯ್ಯಬೇಕು. ಬೃಂದಾವನಕ್ಕೆ ಎಷ್ಟು ಪ್ರದಕ್ಷಿಣೆ ಹಾಕಿದರೂ ಆ ಋಣವು ತೀರುವುದಿಲ್ಲ ಎಂಬುದೇ ಈ ಆಜ್ಞೆಯ ತಾತ್ಪರ್ಯವೆಂದು ನಾವು ಅರಿತುಕೊಳ್ಳಬೇಕು.

ಆಚಾರ್ಯರು ಹೋದರು. ವಿದ್ವತ್ತಿನ ಮಾನವನ್ನು ಬದಿಗಿಟ್ಟು, ತಾವು ಕೀಳೆಂದು ಭಾವಿಸಿದ್ದವರ ಪಾದಗಳಲ್ಲಿ ಶರಣಾದರು. ವಿಜಯದಾಸರು ಹಳೆಯದನ್ನು ಎತ್ತಿ ಆಡಲಿಲ್ಲ. ತಮ್ಮ ಪ್ರಿಯಶಿಷ್ಯರಾದ ಶ್ರೀಗೋಪಾಲದಾಸರ ಬಳಿಗೆ ಅವರನ್ನು ಕಳುಹಿಸಿದರು. ಉತ್ತನೂರಿನಲ್ಲಿದ್ದ ಗೋಪಾಲದಾಸರು ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಕೊಟ್ಟು ವ್ಯಾಧಿಯನ್ನು ನಿವಾರಿಸಿದರೆಂದೂ, ಗುರುಗಳ ಆಜ್ಞೆಯಂತೆ ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದೂ ಪ್ರತೀತಿ. 1722ರಲ್ಲಿ ಜನಿಸಿದ ಗೋಪಾಲದಾಸರು 1762ರಲ್ಲಿ ಹರಿಪಾದ ಸೇರಿದರು. ಮುಂದೆ ಆಚಾರ್ಯರು ಪಂಢರಾಪುರದ ಚಂದ್ರಭಾಗೆಯಲ್ಲಿ ಸ್ನಾನಮಾಡುವಾಗ ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದು ಜಗನ್ನಾಥದಾಸರೆನಿಸಿದರು. 1809ರವರೆಗೆ ಬದುಕಿ ಹರಿಕಥಾಮೃತಸಾರವನ್ನು ಲೋಕಕ್ಕೆ ನೀಡಿದರು. 32 ಸಂಧಿಗಳ, ಭಾಮಿನೀ ಷಟ್ಪದಿಯ ಆ ಗ್ರಂಥವು ಮಧ್ವಸಿದ್ಧಾಂತದ ಸಾರಸರ್ವಸ್ವವನ್ನು ಕನ್ನಡದಲ್ಲಿ ತುಂಬಿಕೊಂಡಿದೆ. ಕನ್ನಡದ ಪದಗಳನ್ನು ಅನಾದರಿಸಿದ್ದ ಪಂಡಿತರು ರಚಿಸಿದ ಈ ಕನ್ನಡ ಕೃತಿಗೆ ಸಂಸ್ಕೃತದಲ್ಲಿ ವ್ಯಾಖ್ಯಾನಗಳು ಹುಟ್ಟಿದುವೆಂಬುದು ಭಗವಂತನ ಲೀಲೆಯೇ ಸರಿ. ತನ್ನ ದೋಷವನ್ನು ತಾನೇ ಕಂಡು ತಿದ್ದಿಕೊಂಡ ಒಬ್ಬ ಮಹನೀಯರಿಂದ ಎಷ್ಟು ಜನರಿಗೆ ಉಪಕಾರವಾಯಿತೆಂಬುದನ್ನು ಯೋಚಿಸಬೇಕು. ಪ್ರತಿವರ್ಷ ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರ, ಭಾದ್ರಪದ ಶುದ್ಧ ನವಮಿಯಂದು ಜಗನ್ನಾಥದಾಸರ ಆರಾಧನೆಯನ್ನು ನಡೆಸುವಾಗ ಈ ಪಾಠವೂ ನಮ್ಮ ನೆನಪಿನಲ್ಲಿರಬೇಕು.

ಇನ್ನು ನಮ್ಮ ಸಿದ್ಧಾಂತದ ದೃಷ್ಟಿಯಿಂದ ಸ್ವಲ್ಪ ವಿಚಾರ ಮಾಡೋಣ. ಶ್ರೀಮನ್ನಾರಾಯಣನು ಸಕಲಗುಣಪರಿಪೂರ್ಣನು, ಸಮಸ್ತದೋಷದೂರನು ಎಂದು ಶ್ರೀಮದಾಚಾರ್ಯರು ಸಾರಿದ್ದಾರೆ. ನಿರ್ದೋಷತ್ವವು ಅವನ ಸ್ವತಂತ್ರವಾದ ಮಹಿಮೆ. ಅವನೊಬ್ಬನೇ ಸ್ವತಂತ್ರನಾಗಿ ನಿರ್ದೋಷನೆಂದು ನಾವು ಪ್ರತಿದಿನ ಪೂಜೆಯಲ್ಲಿ ಹೇಳುವಾಗ, ಸಂಸಾರದಲ್ಲಿರುವ ನಮ್ಮಲ್ಲಿ ದೋಷವಿದೆಯೆಂಬುದನ್ನೂ ಅದೇ ಉಸಿರಿನಲ್ಲಿ ಒಪ್ಪಿಕೊಂಡಂತಾಗುತ್ತದೆ. ಆದುದರಿಂದ ದೋಷವಿರುವವನೆಂದು ಒಬ್ಬನನ್ನು ಬೆರಳು ಮಾಡಿ ತೋರಿಸಿದಾಗ ನಾವು ಹೊಸ ಸಂಗತಿಯನ್ನೇನೂ ಕಂಡುಹಿಡಿದಂತಾಗಲಿಲ್ಲ. ನಮ್ಮನ್ನು ಮಾತ್ರ ಆ ಪಟ್ಟಿಯಿಂದ ಹೊರಗಿಟ್ಟು ಮಾತನಾಡಿದರೆ, ಯಾರಿಗೆ ಮಾತ್ರ ಸಲ್ಲುವ ಪದವಿಯೋ ಅಲ್ಲಿ ನಮ್ಮನ್ನು ಕೂರಿಸಿಕೊಂಡಂತಾಗುತ್ತದೆ. ಇದು ನಮ್ಮ ಸಿದ್ಧಾಂತಕ್ಕೇ ವಿರುದ್ಧವಾದ ನಡತೆ.

ಕೆಲವರು ಇನ್ನೊಂದು ಮಾತನ್ನು ಹೇಳುವುದುಂಟು. ಎಲ್ಲವನ್ನೂ ಮಾಡುವವನೂ ಮಾಡಿಸುವವನೂ ಹರಿಯೇ ಆಗಿರುವಾಗ ನಮ್ಮ ದೋಷಕ್ಕೆ ನಾವು ಹೇಗೆ ಹೊಣೆ ಎಂಬುದು ಅವರ ಪ್ರಶ್ನೆ. ಜೀವನು ಕರ್ತನೇ ಅಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಉಳಿಯದೆಂದು ಬ್ರಹ್ಮಸೂತ್ರಗಳಲ್ಲಿ ವಿಚಾರಿಸಲಾಗಿದೆ. ಜೀವನಿಗೆ ಕರ್ತೃತ್ವವಿದೆ, ಆದರೆ ಅದು ಹರಿಯ ಅಧೀನ ಎಂಬುದು ನಮ್ಮ ಆಚಾರ್ಯರ ನಿರ್ಣಯ. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಎಲ್ಲವೂ ಹರಿಯಿಚ್ಛೆಯೆಂಬ ವೇದಾಂತವು ನಮ್ಮ ತಪ್ಪಿನ ವಿಷಯ ಬಂದಾಗ ಮಾತ್ರ ನೆನಪಾಗಿ, ನೆರೆಯವನ ತಪ್ಪಿನ ವಿಷಯದಲ್ಲಿ ಮರೆತುಹೋಗುವುದಾದರೆ ಅದು ವೇದಾಂತವಾಗದೆ ಕೇವಲ ಅನುಕೂಲಶಾಸ್ತ್ರವಾಗುತ್ತದೆ. ಸತ್ಕರ್ಮವನ್ನು ಹರಿಗೆ ಅರ್ಪಿಸಿ, ದೋಷವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು ಸಾಧಕನ ಕ್ರಮ.

ಹಾಗಾದರೆ ಯಾರ ತಪ್ಪನ್ನೂ ಹೇಳಲೇಬಾರದೇ? ಹಾಗೆಂದು ಶಾಸ್ತ್ರವು ಹೇಳುವುದಿಲ್ಲ. ಮಗನು ದಾರಿ ತಪ್ಪುವಾಗ ತಂದೆಯು ಸುಮ್ಮನಿದ್ದರೆ ಅದೂ ದೋಷವೇ. ಲೆಕ್ಕಪತ್ರದಲ್ಲಿ ಅವ್ಯವಹಾರ ನಡೆದರೆ ಕೇಳುವುದು ಸಂಸ್ಥೆಯ ಸದಸ್ಯರ ಕರ್ತವ್ಯ. ದುರ್ಬಲರಿಗೆ ಅನ್ಯಾಯವಾಗುವಾಗ ಮೊದಲು ನನ್ನ ದೋಷಗಳನ್ನೆಲ್ಲ ತಿದ್ದಿಕೊಂಡು ಆಮೇಲೆ ಮಾತನಾಡುವೆನೆಂದು ಕಾಯುತ್ತ ಕೂರುವುದು ಧರ್ಮವಲ್ಲ. ನಮ್ಮ ಪರಂಪರೆಯೇ ಖಂಡನಮಂಡನಗಳಿಂದ ಬೆಳೆದ ಪರಂಪರೆ. ಆದರೆ ಅದಕ್ಕೊಂದು ಮರ್ಯಾದೆಯಿತ್ತು. ಶ್ರೀಮದಾಚಾರ್ಯರು ದಶಪ್ರಕರಣಗಳಲ್ಲಿ ಒಂದಾದ ಕಥಾಲಕ್ಷಣದಲ್ಲಿ ಚರ್ಚೆಯ ಪ್ರಕಾರಗಳನ್ನು ವಿಂಗಡಿಸಿ, ತತ್ತ್ವನಿರ್ಣಯವನ್ನು ಉದ್ದೇಶಿಸಿ ನಡೆಯುವುದನ್ನು ವಾದವೆಂದೂ, ಖ್ಯಾತಿಗಾಗಿಯೋ ಸ್ಪರ್ಧೆಯಿಂದಲೋ ನಡೆಯುವುದನ್ನು ಜಲ್ಪವೆಂದೂ ಬೇರ್ಪಡಿಸಿದ್ದಾರೆ. ಪೂರ್ವಪಕ್ಷವನ್ನು ಕುಂದಿಲ್ಲದೆ ನಿರೂಪಿಸಿದ ಮೇಲೆಯೇ ಸಿದ್ಧಾಂತಕ್ಕೆ ಹೋಗುವ ಪದ್ಧತಿಯನ್ನು ನಮ್ಮ ಟೀಕಾಚಾರ್ಯರು, ವ್ಯಾಸರಾಜರು ಪಾಲಿಸಿದರು. ನಾವು ಗಾಡಿಯ ಡಬ್ಬಿಯಲ್ಲಿಯೂ ಊಟದ ಪಂಕ್ತಿಯಲ್ಲಿಯೂ ಆಡುವ ಮಾತುಗಳು ಇವುಗಳಲ್ಲಿ ಯಾವ ಗುಂಪಿಗೆ ಸೇರುತ್ತವೆ? ಆ ವ್ಯಕ್ತಿಯ ಪಕ್ಷವೇನೆಂದು ಒಂದು ಕ್ಷಣವಾದರೂ ಯೋಚಿಸಿದ್ದೇವೆಯೇ? ಏಕಾದಶಿಯ ತಿಥಿನಿರ್ಣಯದಲ್ಲಿ ಒಂದು ಪಂಚಾಂಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬಂದಾಗ, ಅದರ ಗಣಿತವನ್ನು ಅರಿಯದೆಯೇ ಇನ್ನೊಂದು ಮಠದವರನ್ನು ಆಚಾರಹೀನರೆಂದು ಬಿಡುವುದು ವಾದವೂ ಅಲ್ಲ, ಜಲ್ಪವೂ ಅಲ್ಲ. ಅದು ಬರಿಯ ನಿಂದೆ.

ಪರನಿಂದೆಯ ಫಲವೇನೆಂಬುದಕ್ಕೆ ಮಹಾಭಾರತದ ಕರ್ಣಪರ್ವದಲ್ಲಿ ಮನಮುಟ್ಟುವ ದೃಷ್ಟಾಂತವಿದೆ. ಕರ್ಣನಿಗೆ ಶಲ್ಯನು ಸಾರಥಿಯಾದನು. ಅರ್ಜುನನನ್ನು ಎದುರಿಸಬೇಕಾದ ದಿನದಂದೇ ಇವರಿಬ್ಬರೂ ರಥದಲ್ಲಿ ಕುಳಿತು ಪರಸ್ಪರ ನಿಂದಿಸತೊಡಗಿದರು. ಶಲ್ಯನು ಹಂಸವನ್ನು ಕೆಣಕಿದ ಕಾಗೆಯ ಕಥೆಯನ್ನು ಹೇಳಿ ಕರ್ಣನನ್ನು ಹಳಿದರೆ, ಕರ್ಣನು ಮದ್ರದೇಶದವರೆಲ್ಲರ ನಡತೆಯನ್ನು ಹಳಿದನು. ಆಗ ಶಲ್ಯನು, ಎಲ್ಲ ದೇಶಗಳಲ್ಲಿಯೂ ಒಳ್ಳೆಯವರಿದ್ದಾರೆಂದೂ, ಪರರ ದೋಷ ಹೇಳುವುದರಲ್ಲಿ ಎಲ್ಲರೂ ನಿಪುಣರೇ, ತನ್ನ ದೋಷವನ್ನು ಮಾತ್ರ ಯಾರೂ ಅರಿಯರೆಂದೂ ಹೇಳುತ್ತಾನೆ. ಮಾತು ಸತ್ಯವಾದುದು. ಆದರೆ ಹೇಳಿದವನು ಯಾರು? ಅಲ್ಲಿಯವರೆಗೆ ಕರ್ಣನ ದೋಷಗಳನ್ನು ಎಣಿಸುತ್ತಿದ್ದ ಶಲ್ಯನೇ! ಸುಭಾಷಿತವನ್ನು ಬಲ್ಲೆನೆಂಬ ಮಾತ್ರಕ್ಕೆ ಆ ದೋಷದಿಂದ ಪಾರಾದೆನೆಂದು ಯಾರೂ ಭಾವಿಸಬಾರದು. ಈ ಉಪನ್ಯಾಸವನ್ನು ಕೇಳುತ್ತಿರುವಾಗಲೂ, ಇದನ್ನು ಇಂಥವರು ಕೇಳಬೇಕಿತ್ತು ಎಂದು ಇನ್ನೊಬ್ಬರ ಹೆಸರು ಮನಸ್ಸಿಗೆ ಬಂದಿದ್ದರೆ ನಾವೂ ಶಲ್ಯನ ರಥದಲ್ಲಿಯೇ ಇದ್ದೇವೆ. ಕೊನೆಗೆ ದುರ್ಯೋಧನನೇ ಬಂದು ಕೈಮುಗಿದು ಅವರಿಬ್ಬರನ್ನು ಸಮಾಧಾನಪಡಿಸಬೇಕಾಯಿತು. ಒಂದೇ ರಥದಲ್ಲಿ ಕುಳಿತವರು ಒಬ್ಬರನ್ನೊಬ್ಬರು ಕುಗ್ಗಿಸುತ್ತಿದ್ದರೆ ಯುದ್ಧವನ್ನು ಗೆಲ್ಲುವವರು ಯಾರು? ಗೃಹಸ್ಥಾಶ್ರಮವೂ ಒಂದು ರಥವೇ ಆಗಿದೆ.

ನಮ್ಮ ಮುಂಬಯಿಯ ಮನೆಗಳತ್ತ ಈಗ ದೃಷ್ಟಿ ಹರಿಸೋಣ. ಇಂದಿನ ಮಕ್ಕಳಿಗೆ ಕನ್ನಡ ಓದಲು ಬಾರದು, ಸಂಧ್ಯಾವಂದನೆ ತಿಳಿಯದು, ಮಠಕ್ಕೆ ಬಂದರೆ ಊಟದ ಹೊತ್ತಿಗೆ ಬರುತ್ತಾರೆ ಎಂಬುದು ಹಿರಿಯರ ದೂರು. ದೂರಿನಲ್ಲಿ ಸತ್ಯಾಂಶವಿರಬಹುದು. ಆದರೆ ನಮ್ಮ ಹಿಂದಿನ ತಲೆಮಾರಿನವರನ್ನು ನೆನೆಯೋಣ. ದಕ್ಷಿಣ ಕನ್ನಡದಿಂದ ಹಡಗಿನಲ್ಲಿಯೋ ಬಸ್ಸಿನಲ್ಲಿಯೋ ಬರಿಗೈಯಲ್ಲಿ ಬಂದು, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರಿದ್ದರು. 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿದ್ದೂ, 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದ್ದೂ ಅಂತಹ ಶ್ರಮದ ಯುಗದಲ್ಲಿಯೇ. ಅವರು ಕಷ್ಟದಲ್ಲಿ ಕಲಿತುದನ್ನು ನಾವು ಸುಖದಲ್ಲಿ ಮಕ್ಕಳಿಗೆ ಕಲಿಸಿದೆವೇ? ಜೀವನೋಪಾಯಕ್ಕಾಗಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದುದು ತಪ್ಪೆಂದು ನಾನು ಹೇಳುತ್ತಿಲ್ಲ. ದಿನಕ್ಕೆ ಕಾಲು ಗಂಟೆ ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿ ಕನ್ನಡದ ನಾಲ್ಕು ಸಾಲುಗಳನ್ನು ಓದಿಸಿದೆವೇ ಎಂಬುದಷ್ಟೇ ಪ್ರಶ್ನೆ. ಯುವಕರಿಗೂ ಇದೇ ಮಾತು ಅನ್ವಯಿಸುತ್ತದೆ. ಹಿರಿಯರು ಹೇಳುವುದೊಂದು ಮಾಡುವುದೊಂದು ಎಂದು ನಗುವ ಮೊದಲು, ತಾವು ತಿಳಿಯಬೇಕೆಂದು ಎಷ್ಟು ಸಲ ಪ್ರಶ್ನೆ ಕೇಳಿದೆವೆಂಬುದನ್ನು ಅವರೂ ಯೋಚಿಸಲಿ.

ಇದಕ್ಕಿಂತಲೂ ನೋವಿನ ಸಂಗತಿಯೊಂದಿದೆ. ಊರಿನ ಮನೆಯಲ್ಲಿ ವೃದ್ಧ ತಂದೆತಾಯಿಯರ ಜೊತೆಗೆ ಒಬ್ಬ ತಮ್ಮನಿರುತ್ತಾನೆ. ಅವನು ಅವರನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ, ತೋಟದ ಆದಾಯದ ಲೆಕ್ಕ ಕೊಡುವುದಿಲ್ಲ ಎಂದು ಮುಂಬಯಿಯ ಅಣ್ಣನು ನಾಲ್ಕು ಜನರಲ್ಲಿ ಹೇಳಿಕೊಳ್ಳುತ್ತಾನೆ. ಅಣ್ಣನು ಹಣ ಕಳುಹಿಸಿ ಕೈತೊಳೆದುಕೊಂಡನೆಂದು ಊರಿನ ತಮ್ಮನೂ ನಾಲ್ಕು ಜನರಲ್ಲಿ ಹೇಳುತ್ತಾನೆ. ಎಂಟು ಜನರಿಗೆ ವಿಷಯ ತಿಳಿಯಿತು. ಅಣ್ಣತಮ್ಮಂದಿರು ಮಾತ್ರ ಎದುರುಬದುರಾಗಿ ಮಾತನಾಡಲಿಲ್ಲ. ರಾತ್ರಿ ಎದ್ದು ತಾಯಿಗೆ ನೀರು ಕೊಡುವವನು ಯಾರೆಂದು ಅಣ್ಣನು ಒಮ್ಮೆ ಯೋಚಿಸಿದರೆ, ಆಸ್ಪತ್ರೆಯ ಖರ್ಚಿಗೆ ಹಣ ಎಲ್ಲಿಂದ ಬಂತೆಂದು ತಮ್ಮನು ಒಮ್ಮೆ ಯೋಚಿಸಿದರೆ, ಮಾತಿನ ಧಾಟಿಯೇ ಬೇರೆಯಾದೀತು. 1998ರಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಮುಂಬಯಿಯಿಂದ ಉಡುಪಿಯು ಒಂದು ರಾತ್ರಿಯ ಪ್ರಯಾಣವಾಗಿದೆ. ಮಾನವಿಯ ಆಚಾರ್ಯರು ವ್ಯಾಧಿಪೀಡಿತ ಶರೀರದಿಂದ ಊರಿಂದೂರಿಗೆ ಹೋಗಿ ಶರಣಾದರು. ದೂರವಾಯಿತೆಂದು ಹೇಳಲು ನಮಗೆ ಯಾವ ನೆಪವೂ ಉಳಿದಿಲ್ಲ. ರಾಯರ ಮಠಕ್ಕೆ ಗುರುವಾರ ತಪ್ಪದೆ ಹೋಗುವವನು ಮುನಿಸಿಕೊಂಡ ಸಹೋದರನ ಬಾಗಿಲಿಗೆ ಹೋಗಲು ಹಿಂಜರಿದರೆ, ರಾಯರು ಸ್ವಪ್ನದಲ್ಲಿ ಬಂದು ಏನು ಅಪ್ಪಣೆ ಮಾಡಿಯಾರು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಸಾಮಾಜಿಕ ಜೀವನದಲ್ಲಿಯೂ ಇದೇ ನಿಯಮ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಈ ನಗರವು ಮುಳುಗಿದಾಗ ನಾವೆಲ್ಲರೂ ನಗರಪಾಲಿಕೆಯನ್ನು ದೂಷಿಸಿದೆವು. ಆಡಳಿತದ ಲೋಪಗಳು ಇದ್ದೇ ಇದ್ದವು. ಅವನ್ನು ಕೇಳುವ ಹಕ್ಕು ಪ್ರಜೆಗಳಿಗಿದೆ. ಆದರೆ ಚರಂಡಿಗಳಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲಗಳು ಯಾರ ಮನೆಗಳಿಂದ ಬಂದಿದ್ದವು? ಮಹಾರಾಷ್ಟ್ರ ಸರಕಾರವು 2018ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದರೂ ಬಟ್ಟೆಯ ಚೀಲವನ್ನು ಹಿಡಿದು ಮಾರುಕಟ್ಟೆಗೆ ಹೋಗುವ ಕೆಲಸ ನಮ್ಮದೇ ಅಲ್ಲವೇ? ಪರರ ದೋಷವು ನೂರಕ್ಕೆ ತೊಂಬತ್ತರಷ್ಟಿದ್ದು ನಮ್ಮದು ಹತ್ತರಷ್ಟೇ ಇರಬಹುದು. ಆದರೂ ನಾಳೆ ಬೆಳಿಗ್ಗೆಯೇ ತಿದ್ದಲು ನಮ್ಮ ಕೈಯಲ್ಲಿರುವುದು ಆ ಹತ್ತು ಮಾತ್ರ.

ಇದಕ್ಕೆ ಸಾಧನೆ ಹೇಗೆ? ನಮ್ಮ ಆಚರಣೆಯಲ್ಲಿಯೇ ದಾರಿಯಿದೆ. ಚಾತುರ್ಮಾಸ್ಯದಲ್ಲಿ ನಾವು ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳೆಂದು ತಿಂಗಳಿಗೊಂದರಂತೆ ಆಹಾರವನ್ನು ಬಿಡುತ್ತೇವೆ. ಅದರ ಜೊತೆಗೆ ತಿಂಗಳಿಗೊಂದು ಮಾತಿನ ವ್ರತವನ್ನೂ ಹಿಡಿಯೋಣ. ಮೊದಲ ತಿಂಗಳು, ಎದುರಿನಲ್ಲಿ ಇಲ್ಲದವರ ದೋಷವನ್ನು ಆಡುವುದಿಲ್ಲವೆಂದು. ಎರಡನೆಯ ತಿಂಗಳು, ಮನೆಯವರ ತಪ್ಪನ್ನು ಹೊರಗಿನವರ ಮುಂದೆ ಹೇಳುವುದಿಲ್ಲವೆಂದು. ಮೂರನೆಯ ತಿಂಗಳು, ಹೇಳಲೇಬೇಕಾದ ತಪ್ಪನ್ನು ಆ ವ್ಯಕ್ತಿಗೇ, ಏಕಾಂತದಲ್ಲಿ, ಮೃದುವಾಗಿ ಹೇಳುವೆನೆಂದು. ನಾಲ್ಕನೆಯ ತಿಂಗಳು, ನಮ್ಮ ತಪ್ಪನ್ನು ಇನ್ನೊಬ್ಬರು ಹೇಳಿದಾಗ ಉತ್ತರ ಕೊಡದೆ ಒಂದು ದಿನ ಯೋಚಿಸುವೆನೆಂದು. ನಾಲ್ಕನೆಯದೇ ಎಲ್ಲಕ್ಕಿಂತ ಕಠಿಣ. ಆದರೆ ನಮ್ಮ ಬೆನ್ನಿನ ಕೊಳೆ ನಮಗೆ ಕಾಣದು, ಕಂಡು ಹೇಳುವವನು ಉಪಕಾರಿಯೇ ಸರಿ. ನಿಂದಕರಿಂದಲೂ ಪ್ರಯೋಜನವಿದೆಯೆಂಬುದನ್ನು ಪುರಂದರದಾಸರು ನಮಗೆ ಎಂದೋ ತಿಳಿಸಿಕೊಟ್ಟಿದ್ದಾರೆ.

ಇನ್ನೊಂದು ಮಾತು. ಯಾರೂ ಕಾಣದ ಸ್ಥಳದಲ್ಲಿ ಬಾಳೆಹಣ್ಣನ್ನು ತಿನ್ನಿರೆಂದು ವ್ಯಾಸರಾಜರು ಶಿಷ್ಯರಿಗೆ ಹೇಳಿದಾಗ, ಹರಿಯಿಲ್ಲದ ಸ್ಥಳ ಸಿಗಲಿಲ್ಲವೆಂದು ಕನಕದಾಸರು ಹಣ್ಣನ್ನು ಹಾಗೆಯೇ ಮರಳಿ ತಂದ ಪ್ರಸಂಗವನ್ನು ನಮ್ಮ ಮಕ್ಕಳೂ ಬಲ್ಲರು. ಆ ಪರೀಕ್ಷೆಯನ್ನು ಮಾತಿಗೂ ಅನ್ವಯಿಸಬಹುದು. ಅವನು ಕೇಳಿಸಿಕೊಳ್ಳುವುದಿಲ್ಲವೆಂಬ ಧೈರ್ಯದಿಂದಲೇ ನಾವು ಒಬ್ಬನ ದೋಷವನ್ನು ಆಡುತ್ತೇವೆ. ಆದರೆ ಅವನಲ್ಲಿ ಬಿಂಬರೂಪದಿಂದಿರುವ ಭಗವಂತನೇ ನಮ್ಮಲ್ಲಿಯೂ ಇದ್ದಾನೆ. ಆ ಮಾತನ್ನು ಅವನು ಕೇಳಿಯೇ ಕೇಳುತ್ತಾನೆ. ಅವನಿಗೆ ಕೇಳಿಸದ ಸ್ಥಳವೊಂದು ಸಿಕ್ಕಿದ ದಿನ ಪರನಿಂದೆ ಮಾಡೋಣ. ಅಲ್ಲಿಯವರೆಗೆ ನಾಲಗೆಯನ್ನು ಅವನ ನಾಮಸ್ಮರಣೆಗೆ ಮೀಸಲಿಡೋಣ.

ಇಂದು ತೀರ್ಥಪ್ರಸಾದವನ್ನು ಸ್ವೀಕರಿಸಿ ಮನೆಗೆ ತೆರಳುವಾಗ, ಯಾರ ವಿಷಯದಲ್ಲಿ ನಮ್ಮಿಂದ ಅನಾದರ ನಡೆದಿದೆಯೋ ಅವರ ಹೆಸರನ್ನು ಪ್ರತಿಯೊಬ್ಬರೂ ಮನಸ್ಸಿನಲ್ಲಿ ತಂದುಕೊಳ್ಳಲಿ. ಮುಂದಿನ ಏಕಾದಶಿಯೊಳಗೆ ಅವರೊಡನೆ ಒಂದು ಒಳ್ಳೆಯ ಮಾತನ್ನಾಡಲಿ. ಸ್ವದೋಷವನ್ನು ಕಾಣುವ ಕಣ್ಣನ್ನೂ, ಪರಗುಣವನ್ನು ಮೆಚ್ಚುವ ಮನಸ್ಸನ್ನೂ ಶ್ರೀಹರಿಯು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸಿ, ಈ ವಾಕ್ಸೇವೆಯನ್ನು ಗುರ್ವಂತರ್ಗತನಾದ ಅವನ ಪಾದಗಳಿಗೆ ಸಮರ್ಪಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.